ಸ್ವಂತ ಹೆಸರಿನ ಇಮೇಲ್ ಬೇಕೇ? ಡೊಮೇನ್ ಎಲ್ಲಿ ಕೊಳ್ಳಬೇಕು, ಹೇಗೆ ಕೊಳ್ಳಬೇಕು

ಹೋಂಸ್ಟೇ ಬೋರ್ಡ್ ಇರಲಿ, ಕಾಫಿ ಪುಡಿ ಪ್ಯಾಕೆಟ್ ಇರಲಿ, ಮಡಿಕೇರಿಯಿಂದ ಗೋಣಿಕೊಪ್ಪದವರೆಗೆ ಇಮೇಲ್ ವಿಳಾಸ ಹೆಚ್ಚುಕಡಿಮೆ ಒಂದೇ ಥರ. ಹೆಸರು, ಅದರ ಬೆನ್ನಿಗೆ ನಾಲ್ಕೈದು ಅಂಕಿ, ಆಮೇಲೆ ಜಿಮೇಲ್. ಬೇಕಾದ ಹೆಸರನ್ನು ಯಾರೋ ಯಾವತ್ತೋ ತೆಗೆದುಕೊಂಡಿರುತ್ತಾರೆ. ಸ್ವಂತ ಡೊಮೇನ್, ಅಂದರೆ ವಿಳಾಸದಲ್ಲಿ @ ಗುರುತಿನ ನಂತರ ಬರುವ ಹೆಸರು, ನಿಮ್ಮದೇ ಆಗಿದ್ದರೆ ಈ ತಾಪತ್ರಯ ಇಲ್ಲ. ಬುಕಿಂಗ್‌ಗೆ ಒಂದು, ಕಾಫಿ ಆರ್ಡರ್‌ಗೆ ಒಂದು, ಬ್ಯಾಂಕಿಗೆ ಒಂದು ಅಂತ ವಿಳಾಸ ಮಾಡಿ, ಎಲ್ಲವೂ ಈಗಿರುವ ಜಿಮೇಲ್‌ಗೇ ಬಂದು ಬೀಳುವಂತೆ ಮಾಡಬಹುದು. ಇದೇ ಇಮೇಲ್ ಫಾರ್ವರ್ಡಿಂಗ್. ಇದಕ್ಕೆ ವೆಬ್‌ಸೈಟ್ ಇರಲೇಬೇಕು ಅಂತೇನಿಲ್ಲ.

ಮೊದಲು ಹೆಸರು

ಮನೆತನದ ಹೆಸರನ್ನೇ ಇಡುವ ಆಸೆ ಸಹಜ. ಆದರೆ ಇಂಗ್ಲಿಷ್‌ನಲ್ಲಿ ಅಣ್ಣ ಒಂದು ಸ್ಪೆಲ್ಲಿಂಗ್ ಬರೆದರೆ ತಮ್ಮ ಇನ್ನೊಂದು ಬರೆಯುತ್ತಾನೆ, ಅಲ್ವಾ? ಫೋನಿನಲ್ಲಿ ಒಮ್ಮೆ ಹೇಳಿ ನೋಡಿ. ಆ ಕಡೆಯವರು ತಪ್ಪಿಲ್ಲದೆ ಬರೆದುಕೊಂಡರೆ ಆ ಹೆಸರು ಸರಿ. ಕೊನೆಗೆ ಡಾಟ್ ಕಾಮ್ ಅಥವಾ ಡಾಟ್ ಇನ್ ಸಾಕು. 'ಡಾಟ್ ಕಾಫಿ' ಎಂಬುದೂ ಇದೆ. ಕೇಳಿದರೆ ನಮ್ಮವರ ಬಾಯಲ್ಲಿ ನೀರೂರುತ್ತದೆ, ರಿನ್ಯೂವಲ್ ದರ ನೋಡಿದರೆ ಅದು ಆರುತ್ತದೆ.

ರಿಜಿಸ್ಟ್ರಾರ್ ಆರಿಸುವುದು

ಡೊಮೇನ್ ಮಾರುವ ಕಂಪನಿಗೆ ರಿಜಿಸ್ಟ್ರಾರ್ ಎನ್ನುತ್ತಾರೆ. ಡಾಟ್ ಕಾಮ್ ಮಾರಲು ಜಗತ್ತಿನ ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕಾನ್ (ICANN) ಸಂಸ್ಥೆಯ ಮಾನ್ಯತೆ ಬೇಕು. ಡಾಟ್ ಇನ್ ನಮ್ಮ ದೇಶದ ನಿಕ್ಸಿ (NIXI) ಎಂಬ ಸಂಸ್ಥೆಯ ಕೈಯಲ್ಲಿದೆ. '99 ರೂಪಾಯಿಗೆ ಡೊಮೇನ್' ಎಂಬಂಥ ಜಾಹೀರಾತನ್ನು ನಂಬಿ ಹೋಗಬೇಡಿ. ಅದು ಮೊದಲ ವರ್ಷದ ಮಾತು. ಕೇಳಬೇಕಾದದ್ದು ಎರಡನೇ ವರ್ಷದ ದರ, ಅದರ ಮೇಲೆ ಶೇ 18 ಜಿಎಸ್‌ಟಿ. ಬಿಲ್ ಮಾಡುವಾಗ ಹೋಸ್ಟಿಂಗ್, ಸೆಕ್ಯುರಿಟಿ ಅಂತ ಏನೇನೋ ಟಿಕ್ ಆಗಿರುತ್ತದೆ. ಎಲ್ಲ ತೆಗೆಯಿರಿ. ನಿಮ್ಮ ವಿಳಾಸ, ಫೋನ್ ನಂಬರ್ ಮರೆಮಾಡುವ ಪ್ರೈವೆಸಿಯನ್ನು ಡಾಟ್ ಕಾಮ್‌ಗೆ ಹಲವರು ಪುಕ್ಕಟೆ ಕೊಡುತ್ತಾರೆ. ಅದಕ್ಕೆ ದುಡ್ಡು ಕೇಳುವವರ ಹತ್ತಿರ ಹೋಗುವುದೇ ಬೇಡ. ಡಾಟ್ ಇನ್‌ಗೆ ಈ ಸೇವೆಯೇ ಇಲ್ಲ.

ಇನ್ನು ಫಾರ್ವರ್ಡಿಂಗ್. ನೇಮ್‌ಚೀಪ್, ಪೋರ್ಕ್‌ಬನ್‌ನಂಥವರು ಡೊಮೇನ್ ಜೊತೆಗೇ ಕೊಡುತ್ತಾರೆ. ಕೆಲವರು ಕೊಡುವುದೇ ಇಲ್ಲ, ಮೇಲ್‌ಬಾಕ್ಸ್ ಕೊಳ್ಳಿ ಅಂತಾರೆ. ಹಾಗಂತ ಅವರನ್ನು ಪಟ್ಟಿಯಿಂದ ಹೊಡೆದುಹಾಕಬೇಕಿಲ್ಲ. ಡೊಮೇನ್ ಒಂದು ಕಡೆ, ಫಾರ್ವರ್ಡಿಂಗ್ ಇನ್ನೊಂದು ಕಡೆ ಇಡಬಹುದು. ನೇಮ್‌ಸರ್ವರ್ (ಡೊಮೇನಿನ ಸೆಟ್ಟಿಂಗ್‌ಗಳನ್ನು ಇಟ್ಟುಕೊಂಡಿರುವ ಸರ್ವರ್) ಬದಲಿಸಿಕೊಂಡರೆ ಕ್ಲೌಡ್‌ಫ್ಲೇರ್‌ನಲ್ಲಿ ಇದು ಉಚಿತ. ಮೇಲ್ ಎಲ್ಲಿಗೆ ಹೋಗಬೇಕು ಎಂದು ಹೇಳುವುದು ಎಂಎಕ್ಸ್ ರೆಕಾರ್ಡ್, ಅದು ಇರುವುದು ನೇಮ್‌ಸರ್ವರ್‌ನಲ್ಲಿ. ಮುಂದೆ ವೆಬ್‌ಸೈಟ್ ಮಾಡುವ ಹುಡುಗ ನೇಮ್‌ಸರ್ವರ್ ಬದಲಿಸಿದರೆ ಮೇಲ್ ಸದ್ದಿಲ್ಲದೆ ನಿಂತುಹೋಗುತ್ತದೆ. ಅವನಿಗೆ ಮೊದಲೇ ಹೇಳಿಡಿ.

ಫಾರ್ವರ್ಡಿಂಗ್ ಬರುವ ಮೇಲ್‌ಗೆ ಮಾತ್ರ. ಉತ್ತರ ಕೊಟ್ಟರೆ ಅದು ಜಿಮೇಲ್ ವಿಳಾಸದಿಂದಲೇ ಹೋಗುತ್ತದೆ. ಜಿಮೇಲ್ ಸೆಟ್ಟಿಂಗ್‌ನಲ್ಲಿ ಇನ್ನೊಂದು ವಿಳಾಸದಿಂದ ಕಳಿಸುವ ದಾರಿ ಇದೆ. ಆದರೆ ಎಸ್‌ಪಿಎಫ್, ಡಿಕಿಮ್ ಎಂಬ ಗುರುತಿನ ಪರೀಕ್ಷೆ ಸರಿಹೊಂದದಿದ್ದರೆ ಅಂಥ ಮೇಲ್ ಸ್ಪ್ಯಾಮ್‌ಗೆ ಬೀಳಬಹುದು. ದಿನಾ ಗಿರಾಕಿಗಳಿಗೆ ಬರೆಯುವವರು ಝೋಹೋದಂಥ ಕಡೆ ಒಂದು ಮೇಲ್‌ಬಾಕ್ಸ್ ತೆಗೆದುಕೊಳ್ಳುವುದೇ ವಾಸಿ. ಬರೀ ಮೇಲ್ ಬಂದರೆ ಸಾಕು ಅನ್ನುವವರಿಗೆ ಫಾರ್ವರ್ಡಿಂಗ್ ಧಾರಾಳ.

ದುಡ್ಡು ಕಟ್ಟುವ ಮುನ್ನ

ಇದು ನಮ್ಮ ಕಡೆಯವರು ಸ್ವಲ್ಪ ಜಾಸ್ತಿ ಯೋಚಿಸಬೇಕಾದ ಭಾಗ. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರ್‌ನಿಂದ ಕಾರ್ಡ್‌ನಿಂದ ತಾನಾಗಿ ಹಣ ಹೋಗಬೇಕಾದರೆ ನೀವು ಮೊದಲೇ ಇ-ಮ್ಯಾಂಡೇಟ್‌ಗೆ ಒಪ್ಪಿಗೆ ಕೊಟ್ಟಿರಬೇಕು. ವಿದೇಶಿ ರಿಜಿಸ್ಟ್ರಾರ್‌ಗಳ ಆಟೋ ರಿನ್ಯೂವಲ್ ನಮ್ಮ ಕಾರ್ಡ್‌ಗಳಲ್ಲಿ ಕೈಕೊಡುವುದು ಇದರಿಂದಲೇ. ಆನ್ ಮಾಡಿದ್ದೇನೆ ಅಂತ ಸುಮ್ನೆ ಕೂರುವ ಹಾಗಿಲ್ಲ. ಯುಪಿಐ ತೆಗೆದುಕೊಳ್ಳುವ ಕಂಪನಿಯಾದರೆ ಕೆಲಸ ಹಗುರ.

ಎಕ್ಸ್‌ಪೈರಿ ದಿನ ಮಳೆಗಾಲಕ್ಕೆ ಬೀಳದಂತೆಯೂ ನೋಡಿಕೊಳ್ಳಿ. ಜುಲೈನಲ್ಲಿ ಮರ ಬಿದ್ದು ಕರೆಂಟ್ ಇಲ್ಲ, ಟವರ್ ಇಲ್ಲ ಅಂದರೆ ಒಟಿಪಿ ಎಲ್ಲಿಂದ ಬರಬೇಕು? ಡೊಮೇನ್‌ನ ತಾರೀಕು ಕೊಂಡ ದಿನದಿಂದ ಶುರುವಾಗುತ್ತದೆ. ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಇರುವ ಮಾರ್ಚ್‌ನಲ್ಲಿ ಕೊಳ್ಳುವುದು ನನ್ನ ಸಲಹೆ. ಒಮ್ಮೆಗೆ 10 ವರ್ಷದವರೆಗೂ ಕಟ್ಟಬಹುದು. ಅವಧಿ ಮುಗಿದರೆ ಮೇಲ್ ಬರುವುದು ನಿಲ್ಲುತ್ತದೆ. ಡಾಟ್ ಕಾಮ್ ಡಿಲೀಟ್ ಆದ ಮೇಲೂ 30 ದಿನ ವಾಪಸ್ ಪಡೆಯಲು ಅವಕಾಶ ಇದೆ, ಆದರೆ ಅದಕ್ಕೆ ಕೇಳುವ ದಂಡ ಚಿಕ್ಕದಲ್ಲ.

ಖಾತೆ ನಿಮ್ಮದೇ ಇರಲಿ

ಊರಲ್ಲಿ ಹೆಚ್ಚಿನ ಜಗಳ ಇಲ್ಲೇ. ವೆಬ್‌ಸೈಟ್ ಮಾಡಿಕೊಟ್ಟವರು ಡೊಮೇನನ್ನು ತಮ್ಮ ಖಾತೆಯಲ್ಲೇ ಕೊಂಡಿರುತ್ತಾರೆ. ಅವರು ಬೆಂಗಳೂರಿಗೆ ಹೋಗಿ ಫೋನ್ ಎತ್ತದಿದ್ದರೆ ನಿಮ್ಮ ಹೆಸರು ಅವರ ಹತ್ತಿರವೇ ಉಳಿಯಿತು. ಖಾತೆ ನಿಮ್ಮ ಹೆಸರಲ್ಲಿ, ನಿಮ್ಮ ಫೋನ್ ನಂಬರಿನಲ್ಲಿ ತೆರೆಯಿರಿ. ಖಾತೆಗೆ ಜಿಮೇಲ್ ವಿಳಾಸವನ್ನೇ ಕೊಡಿ, ಹೊಸ ಡೊಮೇನಿನ ವಿಳಾಸ ಬೇಡ. ಡೊಮೇನ್ ನಿಂತ ದಿನ ಪಾಸ್‌ವರ್ಡ್ ರೀಸೆಟ್ ಮೇಲ್ ಕೂಡ ಬರುವುದಿಲ್ಲವಲ್ಲ! ಎರಡು ಹಂತದ ಲಾಗಿನ್, ಡೊಮೇನನ್ನು ಬೇರೆ ಕಡೆಗೆ ಸಾಗಿಸದಂತೆ ತಡೆಯುವ ಟ್ರಾನ್ಸ್‌ಫರ್ ಲಾಕ್ ಎರಡನ್ನೂ ಹಾಕಿ.

ಡಾಟ್ ಕಾಮ್ ಕೊಂಡ ಮೇಲೆ ವಿಳಾಸ ಖಚಿತಪಡಿಸಲು ಒಂದು ಮೇಲ್ ಬರುತ್ತದೆ. 15 ದಿನದೊಳಗೆ ಅದರ ಲಿಂಕ್ ಒತ್ತದಿದ್ದರೆ ಡೊಮೇನ್ ತಡೆಹಿಡಿಯುತ್ತಾರೆ. ಸ್ಪ್ಯಾಮ್ ಫೋಲ್ಡರನ್ನೂ ನೋಡಿ.

ರಿಜಿಸ್ಟ್ರಾರ್ ಇಷ್ಟವಾಗದಿದ್ದರೆ 60 ದಿನ ಕಳೆದ ಮೇಲೆ ಬದಲಿಸಬಹುದು. ಲಾಕ್ ತೆಗೆದು, ಆಥ್ ಕೋಡ್ (ಡೊಮೇನ್ ಸಾಗಿಸಲು ಬೇಕಾದ ಗುಟ್ಟಿನ ಸಂಕೇತ) ಪಡೆದು ಹೊಸಬರಿಗೆ ಕೊಟ್ಟರೆ ಆಯಿತು. ಕಂಪನಿಗಳೂ ಕೈ ಬದಲಾಗುತ್ತವೆ. ಗೂಗಲ್ ಡೊಮೇನ್ಸ್ ವ್ಯವಹಾರವೇ 2023ರಲ್ಲಿ ಸ್ಕ್ವೇರ್‌ಸ್ಪೇಸ್‌ಗೆ ಮಾರಾಟವಾಯಿತು. ಹೀಗಾಗಿ ಆಥ್ ಕೋಡ್ ಎಲ್ಲಿ ಸಿಗುತ್ತದೆ ಎಂದು ಕೊಳ್ಳುವ ಮೊದಲೇ ಅವರ ಸಹಾಯ ಪುಟದಲ್ಲಿ ಓದಿ. ಅಲ್ಲಿ ಸುತ್ತಿ ಬಳಸಿ ಬರೆದಿದ್ದರೆ ಬೇರೆಯವರನ್ನು ನೋಡಿ.

ಎಲ್ಲ ಆದ ಮೇಲೆ ಒಂದು ಪರೀಕ್ಷೆ ಮೇಲ್ ಕಳಿಸಿ. ಅದನ್ನು ಅದೇ ಜಿಮೇಲ್‌ನಿಂದ ಕಳಿಸಬೇಡಿ. ತಾನೇ ಕಳಿಸಿದ ಮೇಲ್ ಸುತ್ತಿ ವಾಪಸ್ ಬಂದರೆ ಜಿಮೇಲ್ ಅದನ್ನು ಇನ್‌ಬಾಕ್ಸ್‌ನಲ್ಲಿ ತೋರಿಸದೇ ಇರಬಹುದು. ಮನೆಯವರ ಫೋನಿನಿಂದ ಕಳಿಸಿ ನೋಡಿ.