ಹೊತ್ತು ಅದೇ ಇರಲಿ, ದಾರಿ ಬದಲಾಗಲಿ

ಉಡುಪಿಯ ಅಜ್ಜರಕಾಡು ಮೈದಾನದಲ್ಲಿ ಬೆಳಗ್ಗೆ ಆರಕ್ಕೆ ಸುತ್ತು ಹಾಕಲು ಶುರು ಮಾಡಿದ ಮೊದಲ ವಾರ ನನಗೆ ಅಲಾರಂ ಬೇಕಿರಲಿಲ್ಲ. ನಾಲ್ಕನೇ ವಾರಕ್ಕೆ ಶೂ ಬಾಗಿಲ ಬಳಿಯೇ ಉಳಿಯಿತು. ಕಾಲು ನೋಯುತ್ತಿರಲಿಲ್ಲ, ಮಳೆಯೂ ಇರಲಿಲ್ಲ. ಅದೇ ಸುತ್ತು, ಅದೇ ಮರ. ಮನಸ್ಸು ಏಳಲು ಒಪ್ಪಲಿಲ್ಲ. ಇದನ್ನು ಸೋಮಾರಿತನವೆಂದು ಬೈದುಕೊಳ್ಳಬೇಡಿ. ಹೊಸದು ಕಂಡಾಗ ಮಿದುಳಿನ ಡೋಪಮಿನ್ ನರಕೋಶಗಳು ಚುರುಕಾಗುತ್ತವೆ, ಅದೇ ಮತ್ತೆ ಮತ್ತೆ ಎದುರಾದರೆ ಆ ಚುರುಕು ಇಳಿಯುತ್ತದೆ. ಇದನ್ನು ತಿಳಿದು ದಿನಚರಿ ಹೊಂದಿಸಿಕೊಂಡರೆ ಸಾಕು.

ಮೊದಲು ಹೊತ್ತನ್ನು ಗಟ್ಟಿ ಮಾಡಿಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಅಭ್ಯಾಸ ಬೇರೂರುವುದಿಲ್ಲ. ಏಳುವ ಗಂಟೆ, ಹಿಂದಿನ ರಾತ್ರಿಯೇ ತೆಗೆದಿಟ್ಟ ಬಟ್ಟೆ, ಹೊರಡುವ ಮುನ್ನ ಕುಡಿಯುವ ನೀರು, ಇವಿಷ್ಟು ದಿನವೂ ಒಂದೇ ಇರಲಿ.

ಆಮೇಲೆ ದಾರಿ ಬದಲಿಸಿ. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಒಂದೇ ಮೈದಾನದಲ್ಲಿ ತೀರಿಸಬೇಕೆಂದೇನೂ ಇಲ್ಲ. ಎರಡು ದಿನ ಮೈದಾನ, ಒಂದು ದಿನ ಮಣಿಪಾಲದ ಮಣ್ಣಪಳ್ಳ ಕೆರೆಯ ಸುತ್ತ, ಭಾನುವಾರ ಮಲ್ಪೆಯ ಮರಳು. ಸಡಿಲ ಮರಳಿನಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಸುಮಾರು ಎರಡು ಪಟ್ಟು ಶಕ್ತಿ ಬೇಕು. ಮೀನಖಂಡಗಳಿಗೆ ಅದು ಮರುದಿನ ಗೊತ್ತಾಗುತ್ತದೆ. ಮಂಗಳೂರಿನವರಿಗೆ ಕದ್ರಿ ಉದ್ಯಾನವಿದೆ, ಪಣಂಬೂರು ಕಡಲತೀರವಿದೆ. ಮಳೆಗಾಲದಲ್ಲಿ ಮನೆಯ ಮೆಟ್ಟಿಲು ಮತ್ತು ಸೂರ್ಯನಮಸ್ಕಾರ. ಬೇಸರ ಬಂದ ಮೇಲಲ್ಲ, ಬರುವ ಮೊದಲೇ ಬದಲಿಸಿ.

ಊಟದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಇಲ್ಲಿ ವೈವಿಧ್ಯ ಎರಡಲುಗಿನ ಕತ್ತಿ. ಮದುವೆ ಊಟದ ಎಲೆಯ ಮುಂದೆ ಕುಳಿತವರನ್ನು ನೋಡಿ. ಸಾಂಬಾರಿನಂಥ ಕೊದ್ದೆಲ್ ಬಡಿಸಲು ಬಂದಾಗ ‘ಸಾಕು, ಸಾಕು’ ಎಂದು ಎಲೆಗೆ ಕೈ ಅಡ್ಡ ಹಿಡಿದವರೇ ಕಡಲೆಬೇಳೆ, ಬೆಲ್ಲದ ಸಿಹಿಯಾದ ಹಯಗ್ರೀವ ಮಡ್ಡಿ ಬಂದಾಗ ಕೈ ತೆಗೆಯುತ್ತಾರೆ. ಹೊಟ್ಟೆಯಲ್ಲಿ ಜಾಗ ಹುಟ್ಟಿತೆಂದಲ್ಲ. ದಣಿದದ್ದು ಆ ಒಂದು ರುಚಿಯ ಮೇಲಿನ ಆಸೆ ಮಾತ್ರ. ಆಹಾರ ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ಪ್ರಯೋಗಗಳಿಂದ ತೋರಿಸಿದ್ದು ಇದನ್ನೇ: ಬಗೆ ಹೆಚ್ಚಿದಷ್ಟೂ ತಿನ್ನುವುದು ಹೆಚ್ಚು.

ಹಾಗಾಗಿ ಬಗೆಗಳನ್ನು ಸೊಪ್ಪು, ತರಕಾರಿ, ಕಾಳುಗಳಲ್ಲಿ ಹೆಚ್ಚಿಸಿ. ಕರಿದ ತಿಂಡಿಯ ಡಬ್ಬಿ ಮನೆಯಲ್ಲಿ ಒಂದೇ ಇರಲಿ. ನಾಲ್ಕು ಬಗೆಯ ಚಿಪ್ಸ್ ತಂದಿಟ್ಟು ಸಂಯಮ ಸಾಲದೆಂದು ಕೊರಗುವುದು ನಮಗೆ ನಾವೇ ಮಾಡಿಕೊಳ್ಳುವ ಅನ್ಯಾಯ.

ಕುಚಲಕ್ಕಿ ಗಂಜಿಯನ್ನು ಹಾಗೆಯೇ ಇಟ್ಟುಕೊಂಡು ಪಕ್ಕದ್ದನ್ನು ಬದಲಿಸಿ. ಒಂದು ದಿನ ಹೆಸರುಕಾಳಿನ ಪಲ್ಯ, ಇನ್ನೊಂದು ದಿನ ಹರಿವೆ, ಮತ್ತೊಂದು ದಿನ ಮಟ್ಟುಗುಳ್ಳ ಬದನೆ. ನಮ್ಮ ಬಾವಿಕಟ್ಟೆಯ ತಂಪಿನಲ್ಲಿ ತಿಮರೆ, ಅಂದರೆ ಒಂದೆಲಗ, ತಾನಾಗಿ ಹಬ್ಬಿದೆ. ಒಂದು ಹಿಡಿ ಕಿತ್ತು, ಬೇರಿನ ಮಣ್ಣು ಹೋಗುವಂತೆ ಮೂರು ನೀರಿನಲ್ಲಿ ತೊಳೆಯುತ್ತೇನೆ. ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ತೆಂಗಿನತುರಿಯೊಂದಿಗೆ ಹಸಿ ಎಲೆಯನ್ನೂ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ತಂಬುಳಿ ಸಿದ್ಧ. ತುಳುವರ ಮಳೆಗಾಲದ ಆಟಿ ತಿಂಗಳಲ್ಲಿ ತಗಟೆ ಸೊಪ್ಪು, ಕೆಸುವಿನ ಎಲೆಯ ಪತ್ರೊಡೆ. ನಮ್ಮ ಹಿರಿಯರ ಅಡುಗೆ ಋತುವಿನೊಂದಿಗೇ ಬದಲಾಗುತ್ತಿತ್ತು. ಹೊಸತನಕ್ಕಾಗಿ ದೂರ ಹೋಗಬೇಕಿಲ್ಲ.

ಮಕ್ಕಳಿದ್ದರೆ ಒಮ್ಮೆಗೆ ಒಂದೇ ಹೊಸ ತರಕಾರಿ, ಅದೂ ಗೊತ್ತಿರುವ ಸಾರಿನ ಪಕ್ಕದಲ್ಲಿ. ಮೊದಲ ದಿನ ತಟ್ಟೆಯ ಅಂಚಿಗೆ ಸರಿಸಿದರೆ ಒತ್ತಾಯ ಬೇಡ. ಹತ್ತಾರು ಸಲ ರುಚಿ ನೋಡಿದ ಮೇಲೆ ಒಪ್ಪುವ ಮಕ್ಕಳೂ ಇದ್ದಾರೆ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನಡೆದ ದಾರಿಯನ್ನೂ ಉಂಡ ಸೊಪ್ಪನ್ನೂ ಒಂದೊಂದು ಪದದಲ್ಲಿ ಬರೆದಿಡಿ. ಸತತ ಎರಡು ದಿನ ಖಾಲಿ ಬಿಟ್ಟಿದ್ದರೆ ಮೂರನೆಯ ದಿನಕ್ಕೆ ಬೇರೆ ದಾರಿ ಬರೆಯಿರಿ, ಗಂಟೆಯನ್ನು ಮಾತ್ರ ಮುಟ್ಟಬೇಡಿ.