ಯಜಮಾನರೇ, ನಿಮ್ಮ ಒಂದು ಮಾತಿಗೆ ಎಷ್ಟು ಜನ ಕಾಯುತ್ತಿದ್ದಾರೆ?

ಚಿಕ್ಕಮಗಳೂರಿನಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ನಡೆಸುವವರಿರಲಿ, ಹಾಸನದಲ್ಲಿ ಸಣ್ಣ ಕಾರ್ಖಾನೆ ಇಟ್ಟುಕೊಂಡವರಿರಲಿ, ಎಲ್ಲರದೂ ಒಂದೇ ಗೋಳು: ಬೆಳಗ್ಗೆಯಿಂದ ಪುರುಸೊತ್ತಿಲ್ಲ, ಕೆಲಸವೂ ಮುಗಿದಿಲ್ಲ. ಬೇಗ ಏಳಿ, ಪಟ್ಟಿ ಮಾಡಿಕೊಳ್ಳಿ ಎಂದು ಹೇಳುವವರು ಬೇಕಾದಷ್ಟಿದ್ದಾರೆ. ಹಾಗೆ ಮಾಡಿದರೆ ನಿಮ್ಮದೊಂದು ಗಂಟೆ ಉಳಿದೀತು. ನಿಮ್ಮ ಒಪ್ಪಿಗೆಗಾಗಿ ಹತ್ತು ಜನ ಕೈಕಟ್ಟಿ ಕೂತ ಹೊತ್ತು ಉಳಿಯುವುದಿಲ್ಲ. ನನ್ನನ್ನು ಕೇಳಿದರೆ, ಯಜಮಾನರಿಂದ ಪೋಲಾಗುವ ಸಮಯದಲ್ಲಿ ದೊಡ್ಡ ಪಾಲು ಅದೇ.

ಮೊದಲು ಕಾದದ್ದನ್ನು ಬರೆಯಿರಿ

ಚಿಕ್ಕ ನೋಟ್‌ಬುಕ್ ಒಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ಸೋಮವಾರದಿಂದ ಶನಿವಾರದವರೆಗೆ ಯಾರು ಕೇಳಿದರು, ಏನು ಕೇಳಿದರು, ಉತ್ತರ ಸಿಗುವ ತನಕ ಎಷ್ಟು ಹೊತ್ತು ಕಾದರು ಎಂಬುದನ್ನಷ್ಟೇ ಗುರುತು ಹಾಕಿ. ಫೋನಿನಲ್ಲಿ ಕೇಳಿದ್ದೂ ಸೇರಲಿ. ಕಾಫಿ ವ್ಯವಹಾರದವರು ಈ ಲೆಕ್ಕವನ್ನು ಮಳೆಗಾಲದಲ್ಲಿ ಹಿಡಿಯಬೇಡಿ, ಆಗ ಎಲ್ಲವೂ ಸಸೂತ್ರವಾಗಿಯೇ ಕಾಣುತ್ತದೆ. ಅರೇಬಿಕಾ ಮುಗಿಯುತ್ತಾ ರೋಬಸ್ಟಾ ಕೊಯ್ಲು ಬಿರುಸಾಗುವ ಜನವರಿಯಲ್ಲಿ ಬರೆದರೆ ನಿಜ ಹೊರಬರುತ್ತದೆ.

ಪದೇ ಪದೇ ಬರುವ ಪ್ರಶ್ನೆಗೆ ಒಂದೇ ಸಲ ಉತ್ತರಿಸಿ

ಶನಿವಾರ ಸಂಜೆ ಆ ಪುಟಗಳನ್ನು ತಿರುವಿ ಹಾಕಿ. ನೀವು ಒಂದೇ ಉತ್ತರ ಕೊಟ್ಟ ಪ್ರಶ್ನೆಗಳ ಕೆಳಗೆ ಗೆರೆ ಎಳೆಯಿರಿ. ಉದಾಹರಣೆಗೆ, ಗೇಟಿನಲ್ಲಿ ತೋಟದಿಂದ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ತಿರುಳು ತೆಗೆದು ತೆಳು ಸಿಪ್ಪೆಯೊಂದಿಗೆ ಒಣಗಿಸಿದ ಬೀಜದ ಲೋಡ್ ಬಂದು ನಿಂತಿದೆ. ಮ್ಯಾನೇಜರ್ ತೇವಾಂಶ ಅಳೆಯುವ ಮಾಯಿಶ್ಚರ್ ಮೀಟರ್ ನೋಡಿ ಫೋನ್ ಮಾಡುತ್ತಾರೆ: "ಸಾರ್, ಪಾರ್ಚ್‌ಮೆಂಟು ಹತ್ತೂವರೆ ತೋರಿಸ್ತಿದೆ, ಇಳಿಸ್ಲಾ?" ನೀವು ಬ್ಯಾಂಕಿನಲ್ಲಿದ್ದೀರಿ, ಫೋನ್ ಎತ್ತಲಿಲ್ಲ. ಲಾರಿ ಡ್ರೈವರ್, ಲೋಡ್ ಇಳಿಸುವ ಹಮಾಲರು, ಹಿಂದಿನ ಎರಡು ಪಿಕಪ್‌ನವರು, ಎಲ್ಲರೂ ನಿಂತರು.

ಪಾರ್ಚ್‌ಮೆಂಟ್‌ಗೆ ಶೇ 10, ರೋಬಸ್ಟಾ ಚೆರ್ರಿಗೆ (ಇಡೀ ಹಣ್ಣಾಗಿಯೇ ಒಣಗಿಸಿದ ಕಾಫಿಗೆ) ಶೇ 11 ತೇವಾಂಶ ಎಂಬ ಮಿತಿ ಈ ವ್ಯವಹಾರದಲ್ಲಿ ಎಲ್ಲರಿಗೂ ಗೊತ್ತಿರುವುದೇ. ಗೊತ್ತಿಲ್ಲದ್ದು, ಮಿತಿ ಮೀರಿದಾಗ ನೀವೇನು ಹೇಳುತ್ತೀರಿ ಎಂಬುದು. ಅದನ್ನೇ ಒಂದು ಹಾಳೆಯಲ್ಲಿ ಬರೆದು ತೂಕದ ಕೋಣೆಯ ಗೋಡೆಗೆ ಅಂಟಿಸಿ: ಮಿತಿಯೊಳಗಿದ್ದರೆ ಇಳಿಸಿ, ಕೇಳಬೇಡಿ. ಮಿತಿಗಿಂತ ಒಂದರವರೆಗೆ ಹೆಚ್ಚಿದ್ದರೆ ಬೆಳೆಗಾರರಿಗೆ ತಿಳಿಸಿ, ಚೀಟಿಯಲ್ಲಿ ಬರೆದು, ಕಣದಲ್ಲಿ ಒಣಗಿಸಲು ಹಾಕಿ. ಅದಕ್ಕೂ ಮೇಲಿದ್ದರೆ ಮಾತ್ರ ನನಗೆ ಫೋನ್ ಮಾಡಿ. ಒಂದು ಎಂಬ ಅಂಕಿ ನಿಮ್ಮ ನಿಮ್ಮ ಕಣದ ಜಾಗಕ್ಕೆ, ಬಿಸಿಲಿಗೆ ತಕ್ಕಂತೆ ಬದಲಾಗಲಿ.

ಹಣದ ವಿಷಯದಲ್ಲೂ ಹೀಗೇ. ಸಿಪ್ಪೆ ಬಿಡಿಸುವ ಹಲ್ಲರ್‌ನ ಬೆಲ್ಟ್ ಹರಿದು ಮಧ್ಯಾಹ್ನದವರೆಗೆ ಮಷೀನ್ ನಿಂತರೆ, ಗಾರ್ಬ್ಲಿಂಗ್‌ಗೆ (ಕೆಟ್ಟ ಬೀಜ ಹೆಕ್ಕುವ ಕೆಲಸಕ್ಕೆ) ಬಂದ ಹೆಂಗಸರ ಮುಂದೆ ಆರಿಸಲು ಬೀಜವೇ ಇರುವುದಿಲ್ಲ. ಕೂಲಿ ಮಾತ್ರ ಪೂರ್ತಿ. 5 ಸಾವಿರ ರೂಪಾಯಿವರೆಗಿನ ರಿಪೇರಿಗೆ ಮೇಲ್ವಿಚಾರಕರೇ ಖರ್ಚು ಮಾಡಿ ಸಂಜೆ ಬಿಲ್ ತೋರಿಸಲಿ.

ಫೋನಿಗೆ ಹೊತ್ತು ಗೊತ್ತು ಮಾಡಿ

ವಾಟ್ಸಾಪ್ ಗ್ರೂಪನ್ನು ಬೆಳಗ್ಗೆ ಹನ್ನೊಂದಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ನೋಡುತ್ತೇನೆಂದು ಎಲ್ಲರಿಗೂ ಹೇಳಿಬಿಡಿ. ಅಪಘಾತ, ಬೆಂಕಿ, 5 ಸಾವಿರ ಮೀರುವ ಮಷೀನ್ ರಿಪೇರಿ, ಗೋಡೆಯ ಹಾಳೆಯಲ್ಲಿ ಫೋನ್ ಮಾಡಿ ಎಂದಿರುವುದು, ಇವಕ್ಕೆ ನೇರ ಕರೆ. ದಿನದ ಮೀಟಿಂಗ್ ಹಾಜರಿ ಹಾಕುವ ಜಾಗದಲ್ಲೇ ನಿಂತುಕೊಂಡು ಹತ್ತು ನಿಮಿಷದಲ್ಲಿ ಮುಗಿಯಲಿ. ಕುರ್ಚಿ ಹಾಕಿದರೆ ಟೀ ಬರುತ್ತದೆ, ಟೀ ಬಂದರೆ ರಾಜಕೀಯ ಬರುತ್ತದೆ.

ಗೊತ್ತಿರುವ ತಾರೀಖಿಗೆ ಗಡಿಬಿಡಿ ಬೇಡ

ಟಿಡಿಎಸ್ ಕಟ್ಟಲು 7, ಪಿಎಫ್ ಮತ್ತು ಇಎಸ್‌ಐಗೆ 15, ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಹಾಕುವವರಿಗೆ 11 ಮತ್ತು 20. ಇವು ಪ್ರತಿ ತಿಂಗಳೂ ಬರುವಂಥವು. ಆದರೂ ಇಪ್ಪತ್ತರ ಸಂಜೆ ಪೋರ್ಟಲ್ ತಿರುಗುತ್ತಲೇ ಇರುವಾಗ ಆಡಿಟರ್ ಕಚೇರಿಯಲ್ಲಿ ಕೂತವರನ್ನು ನೋಡಬೇಕು! ಬಿಲ್ಲುಗಳೆಲ್ಲ 5ನೇ ತಾರೀಖಿನೊಳಗೆ ಅಕೌಂಟೆಂಟ್ ಕೈಸೇರಬೇಕೆಂದು ಕಟ್ಟಪ್ಪಣೆ ಮಾಡಿ. ಬೆಂಗಳೂರಿನ ಕೆಲಸಗಳನ್ನೂ ಒಟ್ಟುಗೂಡಿಸಿ. ಅರ್ಧ ಗಂಟೆಯ ಮಾತುಕತೆಗೆ ಹೋಗಿಬರಲು ಇಡೀ ದಿನ ಬೇಕು, ವಿಡಿಯೋ ಕಾಲ್ ಸಾಕೇ ಎಂದು ಮೊದಲೇ ಕೇಳಿ ನೋಡಿ.

ಇದು ಮಾತ್ರ ಪೋಲಲ್ಲ

ಸ್ಯಾಂಪಲ್ ಹಿಡಿದು ಬಂದ ಬೆಳೆಗಾರರನ್ನು ಗಡಿಯಾರ ನೋಡುತ್ತಾ ಮಾತಾಡಿಸಬೇಡಿ. ಮಳೆ ಎಷ್ಟಾಯಿತು, ಕಾಂಡಕೊರಕ ಎಷ್ಟು ಗಿಡ ತಿಂದಿತು, ಆಳು ಸಿಕ್ಕರೇ ಎಂದು ವಿಚಾರಿಸುತ್ತಾ ಕಾಫಿ ಕುಡಿದ ಅರ್ಧ ಗಂಟೆಯಲ್ಲೇ ಈ ಸಲದ ಫಸಲಿನ ಅಂದಾಜು ನಿಮಗೆ ಸಿಗುತ್ತದೆ. ಮುಂದಿನ ಲೋಡ್ ನಿಮ್ಮ ಗೇಟಿಗೇ ಬರುತ್ತದೆಯೋ ಇಲ್ಲವೋ ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ. ಬೇರೆ ಕಡೆ ಹೊತ್ತು ಉಳಿಸುವುದು ಇದಕ್ಕಾಗಿಯೇ.

ತಪ್ಪಾದಾಗ ಹಾಳೆ ತಿದ್ದಿ

ಒಂದಲ್ಲ ಒಂದು ದಿನ ಮ್ಯಾನೇಜರ್ ಹಸಿ ಲೋಡನ್ನು ಗೋದಾಮಿಗೆ ಇಳಿಸಿಯೇ ಇಳಿಸುತ್ತಾರೆ. ಆಗ "ಇನ್ಮೇಲೆ ನನ್ನ ಕೇಳ್ದೆ ಏನೂ ಮಾಡ್ಬೇಡಿ" ಎಂದರೆ ಮರುದಿನದಿಂದ ಬೆಲ್ಟಿಗೂ ಬೇರಿಂಗಿಗೂ ನಿಮಗೇ ಫೋನ್. ಬದಲಿಗೆ, ಎಲ್ಲಿ ಎಡವಿತು ಎಂದು ಜೊತೆಗೆ ಕೂತು ಕೇಳಿ. ಮೇಲಿನ ಒಂದೇ ಚೀಲದಿಂದ ಬೀಜ ತೆಗೆದು ಮೀಟರಿಗೆ ಹಾಕಿದ್ದರೆ, ಗೋಡೆಯ ಹಾಳೆಗೆ ಇನ್ನೊಂದು ಸಾಲು ಸೇರಿಸಿ: ಲೋಡಿನ ಮೇಲೆ, ನಡುವೆ, ಅಡಿಯಲ್ಲಿರುವ ಚೀಲಗಳಿಂದಲೂ ಬೀಜ ತೆಗೆದು ಅಳೆಯಿರಿ.