ಹೈಸ್ಪೀಡ್ ಸೆಂಟ್ರಿಫ್ಯೂಜ್ ಇಲ್ಲದೆ ಉರೊಮಾಡ್ಯುಲಿನ್ ತೆಗೆದೆ: ನನ್ನ ಅನುಭವ

ಶಿವಮೊಗ್ಗದ ಡಿಗ್ರಿ ಕಾಲೇಜಿನ ಲ್ಯಾಬಿನಲ್ಲಿ ಉರೊಮಾಡ್ಯುಲಿನ್, ಅಂದರೆ ಕಿಡ್ನಿಯೇ ತಯಾರಿಸಿ ಮೂತ್ರಕ್ಕೆ ಬಿಡುವ, ಕಲ್ಲಾಗದಂತೆ ಕಾಯುವ ಟಾಮ್-ಹಾರ್ಸ್‌ಫಾಲ್ ಪ್ರೋಟೀನ್ ತೆಗೀತೀನಿ ಅಂದಾಗ ನಕ್ಕವರೇ ಹೆಚ್ಚು. "ಕೋಲ್ಡ್ ರೂಮ್ ಇಲ್ಲ, ಸೆಂಟ್ರಿಫ್ಯೂಜ್ ನೋಡಿದರೆ ಹಂಗೆ. ಮೂತ್ರ ಸೋಸಿ ಏನ್ ಸಿಗುತ್ತೆ ಸಾರ್?" ಅಂದವರು ನಮ್ಮ ವಿಭಾಗದವರೇ. ಈಗ ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ, ಇದು ಇರಬೇಕಾದ 95 ಕಿಲೋಡಾಲ್ಟನ್ ಆಸುಪಾಸಿನಲ್ಲೇ, ದಪ್ಪ ಗೆರೆಯೊಂದು ಬಂದು ಕೂತಿದೆ. ಫೋಟೊ ಸ್ಟಾಫ್ ರೂಮಿನ ಬೋರ್ಡಿನ ಮೇಲಿದೆ.

ಶುರು ಮಾಡಿದ್ದು ಎಲ್ಲರಂತೆ ಉಪ್ಪಿನಿಂದ. ವಿಜ್ಞಾನಿಗಳಾದ ಟಾಮ್ ಮತ್ತು ಹಾರ್ಸ್‌ಫಾಲ್ 1950ರಲ್ಲಿ ತೋರಿಸಿದ ದಾರಿ ಅದು: 0.58 ಮೋಲಾರ್, ಅಂದರೆ ಲೀಟರ್ ಮೂತ್ರಕ್ಕೆ ಸುಮಾರು 34 ಗ್ರಾಂ ಉಪ್ಪು, ರಾತ್ರಿಯಿಡೀ ಫ್ರಿಜ್ಜು. ಪ್ರೋಟೀನ್ ಗಟ್ಟಿಯಾಗಿ ಬೇರೆಯಾಗುವುದೇನೋ ಆಗುತ್ತೆ. ಆದರೆ ಅದನ್ನು ಗಿರಗಿರ ತಿರುಗಿಸಿ ತಳಕ್ಕೆ ಕೂರಿಸಬೇಕಾದ ನಮ್ಮ ಸೆಂಟ್ರಿಫ್ಯೂಜ್ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ದಾಟಿದರೆ ಟೇಬಲ್ ಸಮೇತ ನಡುಗುತ್ತೆ. ತಳಕ್ಕೆ ಬಂದದ್ದು ಗಂಜಿಯಂತೆ ಅಲುಗಾಡುತ್ತಿತ್ತು, ಮೇಲಿನ ನೀರು ಬಗ್ಗಿಸಿದರೆ ಅದೂ ಹಿಂದೆಯೇ ಹೊರಟುಬಿಡೋದು. ಆಷಾಢದಲ್ಲಿ ಕರೆಂಟ್ ಹೋಗಿ ಮೂತ್ರದ ಕ್ಯಾನುಗಳು ನಾತ ಹೊಡೆದದ್ದು ಬೇರೆ. ಅಟೆಂಡರ್ ಎರಡು ದಿನ ಆ ಕಡೆ ತಲೆ ಹಾಕಲಿಲ್ಲ. ಉಪ್ಪು ತೆಗೆಯುವ ಡಯಾಲಿಸಿಸ್ ಟ್ಯೂಬಿಗೇ ಐದಾರು ಸಾವಿರ ಹೋಯಿತು, ಎಲ್ಲಾ ಜೇಬಿನ ದುಡ್ಡು. ರೆಡಿಮೇಡ್ ಕೊಳ್ಳೋಣ ಅಂದರೆ ಮಿಲಿಗ್ರಾಂ ಕೂಡ ಇಲ್ಲದ ಸೀಸೆಗೆ ಹತ್ತಾರು ಸಾವಿರದ ಕೊಟೇಶನ್ ಬಂತು.

ಕೈ ಹಿಡಿದದ್ದು ಡಯಾಟಮೈಟ್ ಪುಡಿ, ಸೋಸಲು ಬಳಸುವ ಸೂಕ್ಷ್ಮ ಪಾಚಿಚಿಪ್ಪಿನ ಮಣ್ಣು. ಉಪ್ಪಿರುವಷ್ಟು ಹೊತ್ತು ಈ ಪ್ರೋಟೀನ್ ಉದ್ದುದ್ದ ನಾರುಗಳಾಗಿ ಹೆಣೆದುಕೊಂಡಿರುತ್ತೆ, ಪುಡಿಯ ಪದರದಲ್ಲಿ ಸಿಕ್ಕಿಬೀಳುತ್ತೆ. ಉಪ್ಪು ಹೋದರೆ ಬಿಚ್ಚಿಕೊಂಡು ಇಳಿಯುತ್ತೆ. ಪಂಪಿನಿಂದ ಎಳೆದು ಸೋಸುವ ಬುಕ್ನರ್ ಫನಲ್ಲಿನಲ್ಲಿ ಪುಡಿ ಹಾಸಿ, ಬೆಳಗಿನ ಮೊದಲ ಮೂತ್ರ (ನಂದು, ಮತ್ತೆ ಒಪ್ಪಿದ ಇಬ್ಬರು ಸಹೋದ್ಯೋಗಿಗಳದ್ದು) ಹರಿಸಿ, ಉಪ್ಪು ಬೆರೆಸಿದ ಫಾಸ್ಫೇಟ್ ಬಫರಿನಲ್ಲಿ (ಪಿಎಚ್ ಏರುಪೇರಾಗದಂತೆ ನೋಡಿಕೊಳ್ಳುವ ದ್ರಾವಣ) ಹಳದಿ ಬಣ್ಣ ಹೋಗುವವರೆಗೂ ತೊಳೆದು, ಕೊನೆಗೆ ಬರೀ ಡಿಸ್ಟಿಲ್ಡ್ ವಾಟರ್. ನಾಲ್ಕೈದು ಲೀಟರಿಗೆ ನೂರು ಮಿಲಿಗ್ರಾಂ ಹತ್ತಿರ ಸಿಕ್ಕಿದ ನೆನಪು. ಪುಡಿಗೆ ಖರ್ಚಾದದ್ದು ಕೆಲವು ನೂರು ರೂಪಾಯಿ. ಪದರ ಎಷ್ಟು ದಪ್ಪ, ನೀರು ಹಾಕಿದ ಮೇಲೆ ಎಷ್ಟು ಹೊತ್ತು ಬಿಟ್ಟು ಪಂಪ್ ಎಳೆಯಬೇಕು ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಗೆರೆ ಬಂದರೆ ಸಾಲದು, ಕೆಲಸ ಮಾಡಬೇಕಲ್ಲ. ಕ್ಯಾಲ್ಸಿಯಂ ಕ್ಲೋರೈಡ್, ಸೋಡಿಯಂ ಆಕ್ಸಲೇಟ್ ಬೆರೆಸಿ, ಕಿಡ್ನಿ ಕಲ್ಲಿನ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಮಾಡಿ, ಕದಡಿದ್ದು ಎಷ್ಟೆಂದು ಬೆಳಕಿನಿಂದ ಅಳೆಯುವ ಸ್ಪೆಕ್ಟ್ರೋದಲ್ಲಿ 620 ನ್ಯಾನೋಮೀಟರಿಗೆ ಇಟ್ಟೆ. ಪ್ರೋಟೀನ್ ಇಲ್ಲದ ಟ್ಯೂಬಿನಲ್ಲಿ ಹರಳುಗಳು ಒಂದಕ್ಕೊಂದು ಅಂಟಿ ಬೇಗ ತಳ ಹಿಡಿದವು. ಪ್ರೋಟೀನ್ ಇದ್ದದ್ದು ಕದಡಿದ ಹಾಗೇ ನಿಂತಿತ್ತು. ಸ್ಲೈಡಿನಲ್ಲಿ ನೋಡಿದರೆ ಒಂದು ಕಡೆ ಗೊಂಚಲು, ಇನ್ನೊಂದು ಕಡೆ ಬಿಡಿ ಬಿಡಿ ಹರಳು. ಹರಳು ಹುಟ್ಟುವುದನ್ನು ಇದು ಹೆಚ್ಚೇನೂ ತಡೆಯಲ್ಲ, ಗುಂಪು ಕಟ್ಟದಂತೆ ನೋಡಿಕೊಳ್ಳುತ್ತೆ. ಕಿಡ್ನಿಯಲ್ಲಿ ಮುಖ್ಯವಾದದ್ದೂ ಅದೇ, ಬಿಡಿ ಹರಳು ಮೂತ್ರದ ಜೊತೆ ಹರಿದು ಹೋಗುತ್ತೆ.

ಆದರೆ ಇದೇ ಪ್ರೋಟೀನ್ ತಿರುಗಿಬೀಳಬಲ್ಲದು. ಪಿಎಚ್ 5.7ರ ಹತ್ತಿರ ಇಳಿಸಿ, ಉಪ್ಪು, ಕ್ಯಾಲ್ಸಿಯಂ ಏರಿಸಿದರೆ ತಾನೇ ಗಂಟು ಕಟ್ಟಿಕೊಳ್ಳುತ್ತೆ, ಕಾಯುವ ಶಕ್ತಿ ಕುಸಿಯುತ್ತೆ. ಸ್ವಲ್ಪ ಸಿಟ್ರೇಟ್ ಹಾಕಿದರೆ ಗಂಟು ಸಡಿಲ. ಇದನ್ನು ನೋಡಿದ ಮೇಲೆ ಡಾಕ್ಟರು ಉಪ್ಪು ಕಮ್ಮಿ ಮಾಡಿ ಅಂದಾಗ ನಾನು ವಾದ ಮಾಡಲ್ಲ.

ನಡುವೆ, ಕಲ್ಲಿಗೆ ಮನೆಮದ್ದು ಅಂತ ಹುರುಳಿ ಕಟ್ಟನ್ನೂ ಹಾಕಿ ನೋಡಿದೆ, ಮನೆಯವಳ ಒತ್ತಾಯಕ್ಕೆ. ಅದರ ಕಂದು ಬಣ್ಣಕ್ಕೆ ರೀಡಿಂಗೆಲ್ಲ ಕಲಸುಮೇಲೋಗರ. ಬಾಳೆದಿಂಡಿನ ರಸ ಸೋಸಿದಷ್ಟೂ ಕಪ್ಪಗಾಯಿತು. ಪತ್ರೊಡೆಗೆ ತಂದ ಕೆಸುವಿನ ದಂಟು ಹಿಂಡಿ ಸ್ಲೈಡಿಗಿಟ್ಟದ್ದು ಮಾತ್ರ ಸಾರ್ಥಕ: ಕಂತೆ ಕಂತೆ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳು. ಗಂಟಲು ಯಾಕೆ ತುರಿಸುತ್ತೆ ಅಂತ ಹುಡುಗರಿಗೆ ಹೇಳಬೇಕಾದ್ದೇ ಬರಲಿಲ್ಲ.

ಹರಳು ತಡೆಯುವ ಮೂತ್ರದ ಬೇರೆ ಪ್ರೋಟೀನ್‌ಗಳಾದ ಆಸ್ಟಿಯೋಪಾಂಟಿನ್, ಬಿಕುನಿನ್ ಬಗ್ಗೆಯೂ ಕೇಳ್ತಾರೆ. ಅವಕ್ಕೆ ಈ ಪದರ ನಡೆಯಲ್ಲ, ಪ್ರೋಟೀನ್ ಬೇರ್ಪಡಿಸುವ ಕಾಲಮ್ಮು ಬೇಕು, ಕಾಲಮ್ಮಿಗೆ ದುಡ್ಡು ಬೇಕು. ಮೊದಲು ಕಲ್ಲಿನ ರೋಗಿಗಳ ಮೂತ್ರದಿಂದ ಇದೇ ಪ್ರೋಟೀನ್ ತೆಗೆದು ಹೋಲಿಸಬೇಕು. ನೈತಿಕ ಸಮಿತಿಗೆ ಅರ್ಜಿ ಹಾಕಿದ್ದೀನಿ.